ಕಮೊಡೋರ್ 64 ಮತ್ತು 1541 ಡ್ರೈವ್: ಸ್ಕ್ರೀನ್ ಹೇಳೋದೊಂದು, ಡಿಸ್ಕ್‌ನಲ್ಲಿ ಆಗಿರೋದು ಇನ್ನೊಂದು (ಪದೇ ಪದೇ ಕೇಳುವ ಪ್ರಶ್ನೆಗಳು)

1982ರಲ್ಲಿ ಬಂದ ಕಮೊಡೋರ್ 64 ಎಂಬ ಹೋಮ್ ಕಂಪ್ಯೂಟರ್ ಅಮೆರಿಕ, ಜರ್ಮನಿ, ಬ್ರಿಟನ್ ಕಡೆಯ ಮನೆಗಳಲ್ಲಿ ಇನ್ನೂ ಓಡುತ್ತಿದೆ. ಅದರ ಜೊತೆ ಸಾಮಾನ್ಯವಾಗಿ 1541 ಫ್ಲಾಪಿ ಡ್ರೈವ್ ಇರುತ್ತದೆ. ಗೊಂದಲ ಶುರುವಾಗೋದು ಅಲ್ಲೇ. ಒಳ್ಳೇ ಡಿಸ್ಕ್ ಕಸದ ಬುಟ್ಟಿಗೆ ಹೋಗುತ್ತದೆ, ಸರಿಯಿರೋ ಡ್ರೈವನ್ನು ಬಿಚ್ಚಿ ಹಾಳು ಮಾಡುತ್ತಾರೆ. ಇದೆಲ್ಲ ಆಗೋದು ಸ್ಕ್ರೀನ್ ಮೇಲಿನ ಒಂದು ಸಾಲನ್ನು ನಂಬಿದ್ದರಿಂದ!

ಒಂದು ಸೂಚನೆ: ಕಮಾಂಡ್‌ಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಕೀಬೋರ್ಡ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಒತ್ತಬೇಕು.

ಈ ಎರರ್‌ಗಳು ಯಾಕೆ ದಾರಿ ತಪ್ಪಿಸುತ್ತವೆ?

1541 ಅನ್ನೋದು ಬರೀ ಡ್ರೈವ್ ಅಲ್ಲ, ಅದೇ ಒಂದು ಕಂಪ್ಯೂಟರ್. ಅದರೊಳಗೆ ಸ್ವಂತ 6502 ಪ್ರೊಸೆಸರ್ ಇದೆ, 2 ಕೆಬಿ ರ‍್ಯಾಮ್ ಇದೆ, 16 ಕೆಬಿ ರಾಮ್ (ROM, ಅಳಿಸಲಾಗದ ಮೆಮೊರಿ) ಇದೆ. ಡಿಸ್ಕ್ ನೋಡಿಕೊಳ್ಳುವ ಡಾಸ್ ಇರೋದು ಆ ಡ್ರೈವ್‌ನ ಹೊಟ್ಟೆಯಲ್ಲಿ, ಕಮೊಡೋರ್ 64ರಲ್ಲಿ ಅಲ್ಲ. ಕಂಪ್ಯೂಟರ್ ಕೇಬಲ್ ಮೂಲಕ "ಈ ಹೆಸರಿನ ಫೈಲ್ ಕೊಡು" ಅಂತ ಕೇಳುತ್ತದೆ, ಅಷ್ಟೇ. ಓದಲು ಆಗದಿದ್ದರೆ ಡ್ರೈವ್ ಕಾರಣವನ್ನು ತನ್ನೊಳಗೇ ಬರೆದಿಟ್ಟುಕೊಂಡು, ಕೆಂಪು ದೀಪ ಮಿಣುಕಿಸುತ್ತಾ ಸುಮ್ಮನಾಗುತ್ತದೆ.

ಈ ಕಡೆ ಕಂಪ್ಯೂಟರ್‌ಗೆ ಗೊತ್ತಾಗೋದು ಇಷ್ಟೇ: ಮೊದಲ ಬೈಟ್ ಬರಲಿಲ್ಲ. ಮೊದಲ ಬೈಟ್ ಬರದಿದ್ದರೆ ‘ಫೈಲ್ ನಾಟ್ ಫೌಂಡ್’ ಅಂತ ತೋರಿಸು ಎಂದು ಅದರ ರಾಮ್‌ನಲ್ಲಿ ಬರೆದಿದ್ದಾರೆ. ಡಿಸ್ಕ್ ಹಾಕಿಲ್ಲದಿದ್ದರೂ ಅದೇ ಮಾತು, ಡೈರೆಕ್ಟರಿ ಕೆಟ್ಟಿದ್ದರೂ ಅದೇ ಮಾತು. ಸ್ಕ್ರೀನ್ ಮೇಲೆ ಕಾಣೋದು ಕಂಪ್ಯೂಟರಿನ ಊಹೆ. ಏನಾಯಿತು ಅಂತ ಗೊತ್ತಿರೋದು ಡ್ರೈವ್‌ಗೆ ಮಾತ್ರ.

ಹಾಗಾದರೆ ಡ್ರೈವನ್ನೇ ಕೇಳೋದು ಹೇಗೆ?

15ನೇ ಚಾನೆಲ್ ಅಂತ ಒಂದಿದೆ, ಡ್ರೈವ್ ಕಮಾಂಡ್ ಕೇಳಿಸಿಕೊಳ್ಳುವ, ಎರರ್ ಹೇಳುವ ದಾರಿ ಅದು. ಅದನ್ನು ತೆರೆದು ಓದಬೇಕು:

59999 ಎಂಡ್
60000 ಓಪನ್ 15,8,15
60010 ಇನ್‌ಪುಟ್#15,ಎ,ಬಿ$,ಸಿ,ಡಿ
60020 ಪ್ರಿಂಟ್ ಎ;ಬಿ$;ಸಿ;ಡಿ
60030 ಕ್ಲೋಸ್ 15

ಆಮೇಲೆ ‘ರನ್ 60000’ ಕೊಡಿ. ಲೈನ್ ನಂಬರ್ ಇಷ್ಟು ದೊಡ್ಡದು ಯಾಕೆಂದರೆ, ಮೆಮೊರಿಯಲ್ಲಿ ನಿಮ್ಮ ಪ್ರೋಗ್ರಾಂ ಇದ್ದರೆ ಅದರ 10, 20ನೇ ಸಾಲುಗಳು ಅಳಿಸಿಹೋಗಬಾರದಲ್ವಾ? 59999ರ ‘ಎಂಡ್’ ನಿಮ್ಮ ಪ್ರೋಗ್ರಾಂ ಓಡುತ್ತಾ ಬಂದು ಇದರೊಳಗೆ ನುಗ್ಗದಂತೆ ತಡೆಯುತ್ತದೆ.

ಲೈನ್ ನಂಬರ್ ಇಲ್ಲದೆ ನೇರವಾಗಿ ಟೈಪ್ ಮಾಡಿದರೆ ‘ಇಲ್ಲೀಗಲ್ ಡೈರೆಕ್ಟ್’ ಎಂಬ ಎರರ್ ಬರುತ್ತದೆ. ಅದಕ್ಕೂ ಡಿಸ್ಕ್‌ಗೂ ಸಂಬಂಧವಿಲ್ಲ. ಇನ್‌ಪುಟ್# ಕಮಾಂಡ್ ಪ್ರೋಗ್ರಾಂ ಒಳಗೆ ಮಾತ್ರ ಕೆಲಸ ಮಾಡುತ್ತದೆ.

ಓದಿದ ಕೂಡಲೇ ಡ್ರೈವ್ ಆ ಎರರ್ ಅನ್ನು ಮರೆತುಬಿಡುತ್ತದೆ, ದೀಪ ಮಿಣುಕುವುದೂ ನಿಲ್ಲುತ್ತದೆ. ಎರಡನೇ ಸಲ ಕೇಳಿದರೆ ‘00 ಓಕೆ’. ಹಾಗಾಗಿ ಮೊದಲ ಸಲ ಬಂದದ್ದನ್ನು ಚೀಟಿಯಲ್ಲಿ ಬರೆದುಕೊಳ್ಳಿ.

ಬಂದ ಉತ್ತರವನ್ನು ಓದೋದು ಹೇಗೆ?

ನಾಲ್ಕು ಭಾಗ ಇರುತ್ತದೆ: ನಂಬರ್, ಹೆಸರು, ಟ್ರ್ಯಾಕ್ (ಡಿಸ್ಕ್ ಮೇಲಿನ ಒಂದು ವೃತ್ತ), ಸೆಕ್ಟರ್ (ಆ ವೃತ್ತದ ಒಂದು ತುಂಡು). 20ಕ್ಕಿಂತ ಕಡಿಮೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಉದಾಹರಣೆಗೆ 01 ಅಂದರೆ ಫೈಲ್ ಅಳಿಸಿದ ಲೆಕ್ಕ. 20ರಿಂದ 29ರವರೆಗಿನವು ಡಿಸ್ಕ್ ಮೇಲ್ಮೈ, ಹೆಡ್ (ಡಿಸ್ಕನ್ನು ಓದಿ ಬರೆಯುವ ಭಾಗ), ಓದು-ಬರಹಕ್ಕೆ ಸಂಬಂಧಿಸಿದವು. 30ರ ಸಾಲು ನೀವು ಕಳಿಸಿದ ಕಮಾಂಡ್‌ನ ತಪ್ಪು. 60, 70ರ ಸಾಲು ಫೈಲ್ ಮತ್ತು ಜಾಗದ ವ್ಯವಹಾರ.

ಟ್ರ್ಯಾಕ್ ನಂಬರ್ ಕಡೆ ಗಮನ ಇರಲಿ. 18 ಬಂದರೆ ಡೈರೆಕ್ಟರಿಗೇ ಪೆಟ್ಟು ಬಿದ್ದಿದೆ, ಏಕೆಂದರೆ ಡೈರೆಕ್ಟರಿ ಇರೋದು 18ನೇ ಟ್ರ್ಯಾಕ್‌ನಲ್ಲಿ. ಬೇರೆ ಯಾವುದೋ ಒಂದೇ ಟ್ರ್ಯಾಕ್ ಪದೇ ಪದೇ ಬಂದರೆ ಡಿಸ್ಕ್‌ನ ಆ ಭಾಗದಲ್ಲಿ ಗೀರೋ ಕಲೆಯೋ ಇರಬಹುದು. ಪ್ರತಿ ಸಲ ಬೇರೆ ಬೇರೆ ಟ್ರ್ಯಾಕ್ ಬಂದರೆ ಅನುಮಾನ ಡ್ರೈವ್ ಮೇಲೆ.

ಡ್ರೈವ್ ಆನ್ ಮಾಡಿದ ತಕ್ಷಣ 73 ಬರುತ್ತದೆ. ಕೆಟ್ಟಿದೆಯಾ?

ಇಲ್ಲ. ‘73 ಸಿಬಿಎಂ ಡಾಸ್ ವಿ2.6 1541’ ಅನ್ನೋದು ಡ್ರೈವ್ ತನ್ನ ಹೆಸರು ಹೇಳಿಕೊಳ್ಳುವ ರೀತಿ. ಆದರೆ ಡಿಸ್ಕ್‌ಗೆ ಬರೆಯಲು ಹೋದಾಗ 73 ಬಂದರೆ ಅದು ನಿಜವಾದ ಎರರ್. ಡಿಸ್ಕ್ ಮೇಲಿನ ಡಾಸ್ ಗುರುತು ‘ಎ’ ಆಗಿಲ್ಲ ಅಂತ ಅರ್ಥ. ಬೇಕೆಂದೇ ಆ ಒಂದು ಬೈಟ್ ಬದಲಿಸಿ, ಡಿಸ್ಕ್ ಮೇಲೆ ಯಾರೂ ಬರೆಯದಂತೆ ಮಾಡುವವರೂ ಇದ್ದರು.

‘ಫೈಲ್ ನಾಟ್ ಫೌಂಡ್’ ಬರುತ್ತಿದೆ, ಆದರೆ ಫೈಲ್ ಡೈರೆಕ್ಟರಿಯಲ್ಲಿ ಕಣ್ಣೆದುರೇ ಇದೆ!

ಡ್ರೈವನ್ನು ಕೇಳಿ. 62 ಬಂದರೆ ನಿಜವಾಗಿಯೂ ಆ ಹೆಸರು ಸಿಕ್ಕಿಲ್ಲ. ಹೆಸರಿನಲ್ಲಿ ಕಾಣದ ಅಕ್ಷರ ಇರಬಹುದು. ಆಟಗಳ ಡಿಸ್ಕ್‌ಗಳಲ್ಲಿ ಇದು ಮಾಮೂಲು, ಸೊನ್ನೆ ಮತ್ತು ‘ಓ’ ಅದಲು ಬದಲಾಗಿರೋದೂ ಉಂಟು. ಹೆಸರಿನ ಮೊದಲ ಎರಡು ಮೂರು ಅಕ್ಷರ ಹಾಕಿ ಕೊನೆಗೆ ನಕ್ಷತ್ರ ಚಿಹ್ನೆ ಕೊಡಿ, ಸಿಗುತ್ತದೆ.

74 ಬಂದರೆ ಡಿಸ್ಕ್ ಇಲ್ಲ, ಅಥವಾ ಬಾಗಿಲು ಸರಿಯಾಗಿ ಕೂತಿಲ್ಲ. 20, 21, 22, 23 ಬಂದರೆ ಹೆಸರು ಸಿಕ್ಕಿದೆ, ಆದರೆ ಫೈಲಿನ ಮೊದಲ ಬ್ಲಾಕ್ (ಒಂದು ಸೆಕ್ಟರ್‌ನಲ್ಲಿರುವ ಡೇಟಾ) ಓದಲಾಗುತ್ತಿಲ್ಲ.

ಇನ್ನೊಂದು ತರದ್ದಿದೆ. ಮೊದಲ ಬ್ಲಾಕ್ ಚೆನ್ನಾಗಿದ್ದು ನಡುವೆ ಕೆಟ್ಟಿದ್ದರೆ ಸ್ಕ್ರೀನ್ ಮೇಲೆ ಎರರ್ ಬರೋದೇ ಇಲ್ಲ. ‘ಲೋಡಿಂಗ್’ ಅಂತ ನಿಂತಲ್ಲೇ ನಿಲ್ಲುತ್ತದೆ, ಏಕೆಂದರೆ ಮುಂದಿನ ಬೈಟ್‌ಗಾಗಿ ಕಂಪ್ಯೂಟರ್ ಕೊನೆಯಿಲ್ಲದೆ ಕಾಯುತ್ತದೆ. ರನ್/ಸ್ಟಾಪ್ ಒತ್ತಿ ಬಿಡಿಸಿಕೊಂಡು ಡ್ರೈವನ್ನು ಕೇಳಿ. ಆದರೆ ಅವಸರ ಬೇಡ. 1541 ಸೆಕೆಂಡಿಗೆ ಸುಮಾರು 400 ಬೈಟ್ ಮಾತ್ರ ಕಳಿಸುತ್ತದೆ. 100 ಬ್ಲಾಕಿನ ಫೈಲ್‌ಗೆ ಒಂದು ನಿಮಿಷಕ್ಕೂ ಜಾಸ್ತಿ ಹಿಡಿಯುತ್ತದೆ. ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ಕೆಲಸ ನಡೆದಿದೆ. ಮಿಣುಕುತ್ತಿದ್ದರೆ ಕೈ ಚೆಲ್ಲಿದೆ.

ಸೇವ್ ಮಾಡಿದೆ, ‘ರೆಡಿ’ ಬಂತು. ಆಮೇಲೆ ನೋಡಿದರೆ ಫೈಲೇ ಇಲ್ಲ. ಹೇಗೆ?

ಇದು ನನ್ನ ಲೆಕ್ಕದಲ್ಲಿ ಈ ಯಂತ್ರದ ಅತಿ ಕೆಟ್ಟ ಗುಣ. ತಪ್ಪು ಎರರ್ ತೋರಿಸೋದು ಒಂದು ಕಡೆ ಇರಲಿ, ಇಲ್ಲಿ ಎರರ್ ತೋರಿಸೋದೇ ಇಲ್ಲ. ಡಿಸ್ಕ್ ತುಂಬಿದ್ದರೂ, ಬರೆಯದಂತೆ ಟೇಪ್ ಹಚ್ಚಿದ್ದರೂ, ಅದೇ ಹೆಸರಿನ ಫೈಲ್ ಮೊದಲೇ ಇದ್ದರೂ, ಕಂಪ್ಯೂಟರ್ ‘ಸೇವಿಂಗ್’ ಅಂದು, ಸ್ವಲ್ಪ ಹೊತ್ತಿನಲ್ಲೇ ‘ರೆಡಿ’ ಅನ್ನುತ್ತದೆ. ಡ್ರೈವ್ ಬೇಡ ಅಂದದ್ದು ಅದಕ್ಕೆ ಕೇಳಿಸುವುದಿಲ್ಲ. ನಿಮಗೆ ಸಿಗುವ ಸುಳಿವು ಮಿಣುಕುವ ದೀಪ ಒಂದೇ.

ಆಮೇಲೆ ಜನ ಮಾಡೋದು ಏನು? ಫೈಲ್ ಬಂತಾ ಅಂತ ನೋಡಲು ಡಾಲರ್ ಚಿಹ್ನೆ ಲೋಡ್ ಮಾಡಿ ಡೈರೆಕ್ಟರಿ ನೋಡುತ್ತಾರೆ. ಕಮೊಡೋರ್ 64ರಲ್ಲಿ ಡೈರೆಕ್ಟರಿ ಒಂದು ಪ್ರೋಗ್ರಾಂ ಹಾಗೆ ಮೆಮೊರಿಗೆ ಬರುತ್ತದೆ. ಅಂದರೆ ಮೆಮೊರಿಯಲ್ಲಿದ್ದ ನಿಮ್ಮ ಪ್ರೋಗ್ರಾಂ ಹೋಯಿತು! ಡಿಸ್ಕ್‌ನಲ್ಲೂ ಇಲ್ಲ, ಮೆಮೊರಿಯಲ್ಲೂ ಇಲ್ಲ.

ಅದಕ್ಕೇ ಸೇವ್ ಆದಮೇಲೆ ಮೊದಲು ದೀಪ ನೋಡಿ, ಆಮೇಲೆ ‘ವೆರಿಫೈ’ ಕಮಾಂಡ್ ಕೊಡಿ. ಅದು ಮೆಮೊರಿಯನ್ನು ಮುಟ್ಟದೆ ಡಿಸ್ಕ್‌ನಲ್ಲಿರೋದನ್ನು ಹೋಲಿಸಿ ನೋಡುತ್ತದೆ. ‘ಓಕೆ’ ಬಂದಮೇಲೆ ಡೈರೆಕ್ಟರಿ ನೋಡಿದರೆ ತೊಂದರೆ ಇಲ್ಲ. ದೀಪ ಮಿಣುಕುತ್ತಿದ್ದರೆ 60000ನೇ ಸಾಲಿನ ಉಪಾಯ ಮಾಡಿ: 26 ಬಂದರೆ ಬರಹಕ್ಕೆ ತಡೆ ಇದೆ, 63 ಅಂದರೆ ಹೆಸರು ಮೊದಲೇ ಇದೆ, 72 ಅಂದರೆ ಜಾಗ ಇಲ್ಲ.

ಜಾಗ ಬೇಕಾದಷ್ಟಿದೆ, ಆದರೂ ‘72 ಡಿಸ್ಕ್ ಫುಲ್’. ಯಾಕೆ?

ಸ್ವಲ್ಪ ಲೆಕ್ಕ ನೋಡೋಣ. ಡಿಸ್ಕ್‌ನ ಒಂದು ಬದಿಯಲ್ಲಿ 35 ಟ್ರ್ಯಾಕ್. ಹೊರಗಿನ 1ರಿಂದ 17ರಲ್ಲಿ ತಲಾ 21 ಸೆಕ್ಟರ್, ಒಳಗೆ ಹೋದಂತೆ 19, 18, 17. ಒಟ್ಟು 683. ಡೈರೆಕ್ಟರಿ ಟ್ರ್ಯಾಕಿನ 19 ಕಳೆದರೆ 664, ಹೊಸ ಡಿಸ್ಕ್‌ನಲ್ಲಿ ಕಾಣುವ ‘664 ಬ್ಲಾಕ್ಸ್ ಫ್ರೀ’ ಅದೇ. ಒಂದು ಬ್ಲಾಕ್ 256 ಬೈಟ್, ಆದರೆ ಎರಡು ಬೈಟ್ ಮುಂದಿನ ಬ್ಲಾಕಿನ ವಿಳಾಸಕ್ಕೆ ಹೋಗುತ್ತದೆ. ನಿಮಗೆ ಸಿಗೋದು 254.

ಡೈರೆಕ್ಟರಿಗೆ ಬೇರೆಯೇ ಮಿತಿ ಇದೆ: 18 ಸೆಕ್ಟರ್, ಒಂದರಲ್ಲಿ 8 ಹೆಸರು, ಒಟ್ಟು 144 ಫೈಲ್. ಚಿಕ್ಕ ಚಿಕ್ಕ ಫೈಲ್ 144 ಆದರೆ, 300 ಬ್ಲಾಕ್ ಖಾಲಿ ಇದ್ದರೂ 145ನೆಯದಕ್ಕೆ 72 ಬರುತ್ತದೆ. ಲಾಡ್ಜ್‌ನಲ್ಲಿ ರೂಮು ಖಾಲಿ ಇದ್ದರೂ ರಿಜಿಸ್ಟರ್‌ನಲ್ಲಿ ಸಾಲು ಮುಗಿದ ಹಾಗೆ.

ಎರಡನೇ ಕಾರಣ ‘@’ ಹಾಕಿ ಸೇವ್ ಮಾಡೋದು, ಅಂದರೆ ಹಳೇ ಫೈಲಿನ ಮೇಲೇ ಹೊಸದನ್ನು ಬರೆಯೋದು. ಡ್ರೈವ್ ಮೊದಲು ಹೊಸದನ್ನು ಪೂರ್ತಿ ಬರೆದು, ಆಮೇಲೆ ಹಳೆಯದನ್ನು ಬಿಡುತ್ತದೆ. ಹಾಗಾಗಿ ಸ್ವಲ್ಪ ಹೊತ್ತು ಎರಡಕ್ಕೂ ಜಾಗ ಬೇಕು. 60 ಬ್ಲಾಕಿನ ಫೈಲ್ ಬದಲಿಸಲು 40 ಬ್ಲಾಕ್ ಖಾಲಿ ಸಾಲದು. ಅಷ್ಟೇ ಅಲ್ಲ, 1541ರ ಈ ಸೌಲಭ್ಯದಲ್ಲಿ ಹೆಸರುವಾಸಿಯಾದ ದೋಷವೂ ಇದೆ, ಕೆಲವೊಮ್ಮೆ ಬೇರೆ ಫೈಲಿನ ಭಾಗ ಹಾಳಾಗುತ್ತದೆ. ನಾನಂತೂ ಅದನ್ನು ಬಳಸಬೇಡಿ ಅಂತಲೇ ಹೇಳುತ್ತೇನೆ. ಹೊಸ ಹೆಸರಿನಲ್ಲಿ ಸೇವ್ ಮಾಡಿ, ಹಳೆಯದನ್ನು ‘ಸ್ಕ್ರ್ಯಾಚ್’ ಕಮಾಂಡ್‌ನಿಂದ ಅಳಿಸಿ.

ಮೂರನೆಯದು ಮುಂದಿನ ಪ್ರಶ್ನೆಯಲ್ಲಿದೆ.

ಡೈರೆಕ್ಟರಿಯಲ್ಲಿ ಒಂದು ಫೈಲ್ 0 ಬ್ಲಾಕ್ ತೋರಿಸುತ್ತದೆ, ಪಕ್ಕದಲ್ಲಿ ನಕ್ಷತ್ರ ಚಿಹ್ನೆ. ಅಳಿಸಲಾ?

ಅಳಿಸಬೇಡಿ. ಬರೆಯುವಾಗ ಕರೆಂಟು ಹೋಗಿಯೋ, ಡಿಸ್ಕ್ ತುಂಬಿಯೋ, ಮುಚ್ಚದೇ ಉಳಿದ ಫೈಲ್ ಅದು. 0 ಅಂದರೂ ಒಳಗೆ ಎಷ್ಟೋ ಬ್ಲಾಕ್ ಹಿಡಿದುಕೊಂಡಿರುತ್ತದೆ. ಅದರ ಕೊನೆಯ ಕೊಂಡಿ ಎಲ್ಲಿಗೆ ಹೋಗುತ್ತದೆ ಅಂತ ಹೇಳಲಾಗದು. ಮಾಮೂಲಿನಂತೆ ಸ್ಕ್ರ್ಯಾಚ್ ಮಾಡಿದರೆ ಆ ಕೊಂಡಿ ಹಿಡಿದು ಹೋಗಿ ಇನ್ನೊಂದು ಒಳ್ಳೇ ಫೈಲಿನ ಬ್ಲಾಕ್‌ಗಳನ್ನೂ ಖಾಲಿ ಅಂತ ಗುರುತು ಹಾಕಬಹುದು. ಆ ಫೈಲ್ ಹಾಳಾದದ್ದು ಗೊತ್ತಾಗೋದು ತಿಂಗಳ ಮೇಲೆ.

ಸರಿಯಾದ ದಾರಿ ‘ವ್ಯಾಲಿಡೇಟ್’: 15ನೇ ಚಾನೆಲ್‌ಗೆ ‘ವಿ0’ ಕಳಿಸಿ. ಡ್ರೈವ್ ಎಲ್ಲಾ ಫೈಲ್‌ಗಳನ್ನೂ ಒಂದೊಂದಾಗಿ ಹಿಂಬಾಲಿಸಿ, ಖಾಲಿ ಜಾಗದ ಲೆಕ್ಕವನ್ನು ಹೊಸದಾಗಿ ಬರೆಯುತ್ತದೆ. ಕಳೆದುಹೋದ ಬ್ಲಾಕ್‌ಗಳು ವಾಪಸ್ ಸಿಗುತ್ತವೆ.

ಆದರೆ ಇದನ್ನು ಎಲ್ಲಾ ಡಿಸ್ಕ್ ಮೇಲೂ ಮಾಡಬಾರದು. ಡೈರೆಕ್ಟರಿಯಲ್ಲಿ ಹೆಸರಿಲ್ಲದೆ ನೇರವಾಗಿ ಬ್ಲಾಕ್‌ಗಳಲ್ಲಿ ಡೇಟಾ ಇಟ್ಟ ಡಿಸ್ಕ್‌ಗಳಿವೆ, ಎಷ್ಟೋ ಆಟಗಳು ಹಾಗೆಯೇ ಇರುತ್ತವೆ. ಜಿಯೋಸ್ ಎಂಬ ಆಪರೇಟಿಂಗ್ ಸಿಸ್ಟಂನ ಡಿಸ್ಕ್‌ಗಳೂ ಈ ಕಮಾಂಡ್‌ಗೆ ಆಗಿಬರುವುದಿಲ್ಲ. ವ್ಯಾಲಿಡೇಟ್ ಅಂಥ ಬ್ಲಾಕ್‌ಗಳನ್ನೆಲ್ಲ ಖಾಲಿ ಅಂದುಬಿಡುತ್ತದೆ. ನೀವೇ ಫಾರ್ಮ್ಯಾಟ್ ಮಾಡಿ, ನೀವೇ ಫೈಲ್ ಹಾಕಿದ ಡಿಸ್ಕ್‌ಗೆ ಮಾತ್ರ ಇದು.

ಲೋಡ್ ಆಯಿತು, ಆಮೇಲೆ ಏನು ಟೈಪ್ ಮಾಡಿದರೂ ‘ಔಟ್ ಆಫ್ ಮೆಮೊರಿ’. ರ‍್ಯಾಮ್ ಹೋಯಿತಾ?

ರ‍್ಯಾಮ್ ಚೆನ್ನಾಗಿದೆ. ಮೆಷಿನ್ ಕೋಡ್ (ಪ್ರೊಸೆಸರ್ ನೇರವಾಗಿ ಓಡಿಸುವ ಪ್ರೋಗ್ರಾಂ) ಫೈಲನ್ನು ‘,8,1’ ಅಂತ ಹಾಕಿ ಲೋಡ್ ಮಾಡಿದಾಗ ಅದು ಮೆಮೊರಿಯ ಮೇಲ್ಭಾಗಕ್ಕೆ ಹೋಗಿ ಕೂರುತ್ತದೆ. ಬೇಸಿಕ್ (ಕಂಪ್ಯೂಟರಿನೊಳಗೇ ಇರುವ ಪ್ರೋಗ್ರಾಮಿಂಗ್ ಭಾಷೆ) ಮಾತ್ರ ‘ನನ್ನ ಪ್ರೋಗ್ರಾಂ ಅಲ್ಲಿಯವರೆಗೂ ಇದೆ’ ಅಂದುಕೊಳ್ಳುತ್ತದೆ. ‘ನ್ಯೂ’ ಅಂತ ಕೊಡಿ, ಸರಿಹೋಗುತ್ತದೆ. ಲೋಡ್ ಆದ ಮೆಷಿನ್ ಕೋಡ್ ಹಾಗೇ ಇರುತ್ತದೆ.

‘ಪ್ರೆಸ್ ಪ್ಲೇ ಆನ್ ಟೇಪ್’ ಅಂತ ಬರುತ್ತಿದೆ, ನನ್ನ ಹತ್ರ ಟೇಪೇ ಇಲ್ಲ.

ಕೊನೆಗೆ ‘,8’ ಹಾಕಲು ಮರೆತಿದ್ದೀರಿ. ನಂಬರ್ ಕೊಡದಿದ್ದರೆ ಕ್ಯಾಸೆಟ್ ಅಂತಲೇ ಅರ್ಥ.

‘ಡಿವೈಸ್ ನಾಟ್ ಪ್ರೆಸೆಂಟ್’ ಬಂದರೆ?

ಇದು ಬಹುಮಟ್ಟಿಗೆ ನಿಜ ಹೇಳುವ ಎರರ್. ಪವರ್, ಆರು ಪಿನ್ನಿನ ಕೇಬಲ್, ಡಿವೈಸ್ ನಂಬರ್, ಈ ಮೂರನ್ನೂ ನೋಡಿ. ಡ್ರೈವ್ 8ರಿಂದ 11ರವರೆಗೆ ಯಾವ ನಂಬರಿನಲ್ಲಾದರೂ ಇರಬಹುದು. ಹಿಂದಿನ ಮಾಲೀಕರು ಬೋರ್ಡ್ ಮೇಲಿನ ಗೆರೆ ಕತ್ತರಿಸಿ 9 ಮಾಡಿರುತ್ತಾರೆ, ನೀವು 8 ಅಂತ ಕರೆಯುತ್ತಾ ಕೂತಿರುತ್ತೀರಿ. 1541-2ರಲ್ಲಿ ಹಿಂದುಗಡೆ ಚಿಕ್ಕ ಸ್ವಿಚ್‌ಗಳಿವೆ. ಅದೇ ಸಾಲಿನಲ್ಲಿ ಆಫ್ ಆಗಿರುವ ಪ್ರಿಂಟರ್ ಇದ್ದರೆ ಅದನ್ನೂ ಕಳಚಿ ನೋಡಿ.

ಒಂದು ಮೋಸ ಇದೆ. ಡ್ರೈವ್ ಆಫ್ ಇದ್ದಾಗಲೂ ‘ಓಪನ್ 15,8,15’ ಕೊಟ್ಟರೆ ‘ರೆಡಿ’ ಬರುತ್ತದೆ. ಹೆಸರಿಲ್ಲದ ಓಪನ್ ಕೇಬಲ್ ಮೇಲೆ ಏನನ್ನೂ ಕಳಿಸುವುದೇ ಇಲ್ಲ. ಎರರ್ ಬರೋದು ಓದಲು ಹೋದಾಗ. ಹಾಗಾಗಿ ‘ಓಪನ್ ಆಯಿತು, ಆದ್ದರಿಂದ ಕೇಬಲ್ ಸರಿಯಿದೆ’ ಅನ್ನುವ ಲೆಕ್ಕ ಸಲ್ಲದು.

ಕೇಬಲ್ ಹಾಕೋದು, ತೆಗೆಯೋದು ಎಲ್ಲಾ ಆಫ್ ಇದ್ದಾಗ ಮಾತ್ರ. ಆನ್ ಇದ್ದಾಗ ಎಳೆದರೆ ಒಳಗಿನ 6526 ಚಿಪ್ ಸುಡಬಹುದು. ಆಗ ಈ ಎರರ್ ಕಾಯಂ ಆಗುತ್ತದೆ.

ನಾನು ಫಾರ್ಮ್ಯಾಟ್ ಮಾಡಿದ ಡಿಸ್ಕ್ ಓದುತ್ತದೆ, ಬೇರೆಯವರ ಡಿಸ್ಕ್‌ಗೆಲ್ಲಾ 21, 23. ಅವರ ಡಿಸ್ಕ್ ಕೆಟ್ಟಿವೆಯಾ?

ಕೆಟ್ಟಿರೋದು ನಿಮ್ಮ ಡ್ರೈವಿನ ಹೊಂದಾಣಿಕೆ. ಹೆಡ್ ತನ್ನ ಜಾಗದಿಂದ ಸ್ವಲ್ಪ ಜರುಗಿದೆ. ತಾನು ಜರುಗಿದ ಜಾಗದಲ್ಲೇ ಬರೆದದ್ದನ್ನು ತಾನು ಓದಿಕೊಳ್ಳುತ್ತದೆ, ಬೇರೆಯವರದ್ದು ಸಿಗುವುದಿಲ್ಲ.

1541ಕ್ಕೆ ಮೊದಲ ಟ್ರ್ಯಾಕ್ ಎಲ್ಲಿದೆ ಅಂತ ಹೇಳುವ ಸೆನ್ಸರ್ ಇಲ್ಲ. ಹಾಗಾಗಿ ಫಾರ್ಮ್ಯಾಟ್ ಮಾಡುವಾಗಲೂ, ಓದಲಾಗದಿದ್ದಾಗಲೂ ಹೆಡ್ಡನ್ನು ತಡೆಗೆ ಬಡಿಯುವವರೆಗೂ ಹಿಂದಕ್ಕೆ ತಳ್ಳುತ್ತದೆ. ಆ ಕಟಕಟ ಸದ್ದು ಅದೇ. ನಕಲು ತಡೆಯಲು ಬೇಕೆಂದೇ ಎರರ್ ಇಟ್ಟ ಆಟಗಳು ಲೋಡ್ ಆದಾಗಲೆಲ್ಲ ಈ ಬಡಿತ. ವರ್ಷಗಟ್ಟಲೆ ಬಡಿದರೆ ಜರುಗದೇ ಇರುತ್ತದಾ?

ಬಿಚ್ಚುವ ಮೊದಲು ಹೆಡ್ ಒರೆಸಿ ನೋಡಿ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿ ಕಡ್ಡಿ ಸಾಕು. 1541ರ ಹೆಡ್ ಕೆಳಗಡೆ ಇದೆ, ಡಿಸ್ಕ್‌ನ ತಳಭಾಗವನ್ನು ಓದುತ್ತದೆ. ಮೇಲಿನದು ಬರೀ ಒತ್ತುವ ಪ್ಯಾಡ್. ತಾನೇ ಬರೆದದ್ದನ್ನೂ ಓದದಿದ್ದರೆ ಸಮಸ್ಯೆ ಕೊಳೆ, ವೇಗ ಅಥವಾ ಹೆಡ್‌ನದ್ದೇ. ನ್ಯೂಟ್ರಾನಿಕ್ಸ್ ಕಂಪನಿಯ ಯಂತ್ರಭಾಗ ಇರುವ ಡ್ರೈವ್‌ಗಳಲ್ಲಿ ಹೆಡ್ಡಿನ ಸುರುಳಿ ತುಂಡಾಗೋದು ರಿಪೇರಿಯವರಿಗೆಲ್ಲ ಗೊತ್ತಿರುವ ವಿಷಯ.

ಬೂಷ್ಟು ಹಿಡಿದ ಡಿಸ್ಕ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ತೇವದ ಊರಿನಲ್ಲಿ, ನಮ್ಮ ಕರಾವಳಿ ಮಲೆನಾಡಿನಂಥ ಕಡೆ, ಅಟ್ಟದಲ್ಲಿಟ್ಟ ಫ್ಲಾಪಿಗೆ ಬೂಷ್ಟು ಬರದಿದ್ದರೇ ಆಶ್ಚರ್ಯ. ತಳಭಾಗದ ಕಿಂಡಿಯಲ್ಲಿ ಡಿಸ್ಕನ್ನು ತಿರುಗಿಸುತ್ತಾ ಬೆಳಕಿಗೆ ಹಿಡಿದು ನೋಡಿ. ಮಂಕಾದ ಚುಕ್ಕೆ ಕಂಡರೆ ಡ್ರೈವ್‌ಗೆ ಹಾಕಬೇಡಿ. ಒಂದು ಕೊಳೆ ಡಿಸ್ಕ್ ಹೆಡ್‌ಗೆ ಅಂಟಿಸಿದ್ದು ಮುಂದಿನ ಒಳ್ಳೇ ಡಿಸ್ಕನ್ನು ಗೀರುತ್ತದೆ. ಆಮೇಲೆ ಎಲ್ಲದಕ್ಕೂ 21, 23 ಬರುತ್ತದೆ.

ಟೇಪ್ ಹಚ್ಚಿಲ್ಲ, ಆದರೂ ‘26 ರೈಟ್ ಪ್ರೊಟೆಕ್ಟ್ ಆನ್’.

ಅಂಚಿನ ಕಚ್ಚನ್ನು ಡ್ರೈವ್ ಬೆಳಕಿನಿಂದ ನೋಡುತ್ತದೆ. ಬೆಳಕು ದಾಟಿದರೆ ಬರೆಯಬಹುದು, ತಡೆದರೆ ಇಲ್ಲ. ಆ ಸೆನ್ಸರ್ ಮೇಲೆ ಧೂಳು ಕೂತರೂ ತಡೆ ಅಂತಲೇ ತಿಳಿಯುತ್ತದೆ. ಡಿಸ್ಕನ್ನು ಮಗುಚಿ ಹಿಂಬದಿ ಬಳಸುತ್ತಿದ್ದರೆ ಆ ಬದಿಗೂ ಒಂದು ಕಚ್ಚು ಕತ್ತರಿಸಿರಬೇಕು.

ಹೊಸ ಡಿಸ್ಕ್ ಫಾರ್ಮ್ಯಾಟ್ ಆಗುತ್ತಿಲ್ಲ. ಒಂದು ವೇಳೆ ಆದರೂ ಮಾರನೇ ದಿನ ಓದುತ್ತಿಲ್ಲ.

ಪಿಸಿಗೆಂದು ಮಾಡಿದ 1.2 ಎಂಬಿ ಡಿಸ್ಕ್ ಇರಬೇಕು. ಗಾತ್ರ ಒಂದೇ, ಐದೂಕಾಲು ಇಂಚು. ಆದರೆ ಅದರ ಲೇಪಕ್ಕೆ ಸುಮಾರು ಎರಡು ಪಟ್ಟು ಬಲವಾದ ಕಾಂತಕ್ಷೇತ್ರ ಬೇಕು. 1541ರ ಹೆಡ್ ಅಷ್ಟು ಬಲವಾಗಿ ಬರೆಯುವುದಿಲ್ಲ. ನಡುವಿನ ರಂಧ್ರದ ಸುತ್ತ ಗಟ್ಟಿ ಉಂಗುರ ಇದ್ದರೆ ಸಾಮಾನ್ಯವಾಗಿ ಅದು ಡಬಲ್ ಡೆನ್ಸಿಟಿ, ನಿಮಗೆ ಬೇಕಾದದ್ದು. ಉಂಗುರ ಇಲ್ಲದಿದ್ದರೆ ಅನುಮಾನ ಪಡಿ.

ಡಿಸ್ಕ್ ಬದಲಿಸಿದ ಮೇಲೆ 29, ಅಥವಾ ಫೈಲ್‌ಗಳು ಕಲಸುಮೇಲೋಗರ. ಯಾಕೆ?

ಫಾರ್ಮ್ಯಾಟ್ ಮಾಡುವಾಗ ಎರಡು ಅಕ್ಷರದ ಐಡಿ ಕೊಡುತ್ತೀರಲ್ವಾ? ಡಿಸ್ಕ್ ಬದಲಾಯಿತು ಅಂತ ಡ್ರೈವ್ ತಿಳಿಯಲು ಆ ಐಡಿ ಮುಖ್ಯ. ಹೊಂದದಿದ್ದರೆ 29 ಹೇಳುತ್ತದೆ, ಅದು ಒಳ್ಳೆಯದೇ. ಎಲ್ಲಾ ಡಿಸ್ಕ್‌ಗೂ ‘01’ ಅಂತಲೇ ಕೊಟ್ಟವರಿಗೆ ನಿಜವಾದ ಅಪಾಯ. ಡ್ರೈವ್ ಹಳೇ ಡಿಸ್ಕ್‌ನ ಖಾಲಿ ಜಾಗದ ಲೆಕ್ಕವನ್ನೇ ಇಟ್ಟುಕೊಂಡು ಹೊಸ ಡಿಸ್ಕ್ ಮೇಲೆ ಬರೆಯಬಹುದು. ಎರರ್ ಬರುವುದಿಲ್ಲ, ಫೈಲ್ ಹೋಗುತ್ತದೆ. ಒಂದೊಂದಕ್ಕೂ ಬೇರೆ ಐಡಿ ಕೊಡಿ. ಅನುಮಾನ ಇದ್ದರೆ ಬರೆಯುವ ಮೊದಲು 15ನೇ ಚಾನೆಲ್‌ಗೆ ‘ಐ0’ (ಆ ಲೆಕ್ಕವನ್ನು ಹೊಸದಾಗಿ ಓದು ಎಂಬ ಕಮಾಂಡ್) ಕಳಿಸಿ.

ಒರಿಜಿನಲ್ ಆಟದ ಡಿಸ್ಕ್ ಸ್ಕ್ಯಾನ್ ಮಾಡಿದೆ, ತುಂಬಾ ಎರರ್. ಆಟ ಮಾತ್ರ ಚೆನ್ನಾಗಿ ಓಡುತ್ತದೆ.

ಆ ಎರರ್‌ಗಳನ್ನು ಕಂಪನಿಯೇ ಇಟ್ಟಿದ್ದು. ಎರರ್ ಇದ್ದರೆ ಮಾತ್ರ ಒರಿಜಿನಲ್ ಅಂತ ಆಟ ನಂಬುತ್ತದೆ. ‘ರಿಪೇರಿ’ ಮಾಡಲು ಹೋಗಬೇಡಿ. ಡಿ64 ಇಮೇಜ್ (ಇಡೀ ಡಿಸ್ಕ್‌ನ ನಕಲು ಇರುವ ಒಂದು ಫೈಲ್) ಮಾಡುವಾಗಲೂ ಇದು ನೆನಪಿರಲಿ. ಮಾಮೂಲಿ ಡಿ64 ಫೈಲ್ 1,74,848 ಬೈಟ್. ಎರರ್ ಮಾಹಿತಿ ಸೇರಿದರೆ ಸೆಕ್ಟರ್‌ಗೆ ಒಂದರಂತೆ 683 ಬೈಟ್ ಜಾಸ್ತಿಯಾಗಿ 1,75,531 ಆಗುತ್ತದೆ. ಫೈಲ್ ಕೆಟ್ಟಿದೆ ಅಂತ ಅದನ್ನು ಅಳಿಸಬೇಡಿ.

ಎಸ್‌ಡಿ ಕಾರ್ಡ್ ಹಾಕುವ ಎಸ್‌ಡಿ2ಐಇಸಿ (1541ರ ಬದಲು ಬಳಸುವ ಸಾಧನ) ತಂದಿದ್ದೇನೆ. ಕೆಲವು ಆಟ ನಡುವೆ ನಿಲ್ಲುತ್ತವೆ. ಇಮೇಜ್ ಕೆಟ್ಟಿದೆಯಾ?

ಬಹುಶಃ ಇಲ್ಲ. ಆಟಗಳ ಫಾಸ್ಟ್‌ಲೋಡರ್‌ಗಳು (ಬೇಗ ಲೋಡ್ ಮಾಡಿಸುವ ಪ್ರೋಗ್ರಾಂಗಳು) ತಮ್ಮ ಕೋಡನ್ನು ಡ್ರೈವಿನ 6502 ಒಳಗೇ ಕಳಿಸಿ ಓಡಿಸುತ್ತವೆ. ಎಸ್‌ಡಿ2ಐಇಸಿ ಒಳಗೆ 6502 ಇಲ್ಲ. ಅದಕ್ಕೆ ಪರಿಚಯ ಇರುವ ಕೆಲವು ಲೋಡರ್ ಬಿಟ್ಟರೆ ಉಳಿದವು ಸಿಕ್ಕಿಕೊಳ್ಳುತ್ತವೆ. ರಾಸ್ಪ್‌ಬೆರಿ ಪೈ ಮೇಲೆ ಓಡುವ ಪೈ1541 ಇಡೀ ಡ್ರೈವನ್ನೇ ಅನುಕರಿಸುವುದರಿಂದ ಅದರಲ್ಲಿ ನಡೆಯುತ್ತದೆ. ಪಿಸಿಯಲ್ಲಿ ವೈಸ್ ಎಮ್ಯುಲೇಟರ್ ಬಳಸುವವರು ‘ಟ್ರೂ ಡ್ರೈವ್ ಎಮ್ಯುಲೇಷನ್’ ಆನ್ ಮಾಡಿ ನೋಡಿ.

ಅಮೆರಿಕದಿಂದ ಊರಿಗೆ ತಂದರೆ ಏನು ನೋಡಿಕೊಳ್ಳಬೇಕು?

ಅಲ್ಲಿನ ಡ್ರೈವ್ 120 ವೋಲ್ಟ್‌ನದ್ದು. ಮೂಲ 1541ರ ಟ್ರಾನ್ಸ್‌ಫಾರ್ಮರ್ ಒಳಗೇ ಇದೆ. ನೇರವಾಗಿ ನಮ್ಮ 230ಕ್ಕೆ ಹಾಕಿದರೆ ಸುಡುತ್ತದೆ, ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಕಂಪ್ಯೂಟರಿನ ಇಟ್ಟಿಗೆಯಂಥ ಹಳೇ ಪವರ್ ಸಪ್ಲೈಯನ್ನಂತೂ ಮೀಟರ್ ಹಿಡಿದು ನೋಡದೆ ಬಳಸಬೇಡಿ. ವಯಸ್ಸಾದ ಮೇಲೆ ಅದರ 5 ವೋಲ್ಟ್ ಏರಿ ರ‍್ಯಾಮ್ ಚಿಪ್‌ಗಳನ್ನು ತಿನ್ನುತ್ತದೆ.

ಮೋಟಾರಿನ ವೇಗ ನಿಮಿಷಕ್ಕೆ 300 ಸುತ್ತು ಇರಬೇಕು. ಅದನ್ನು ನೋಡಲು ಡ್ರೈವ್ ಕೆಳಗಿನ ಚಕ್ರದ ಮೇಲೆ ಗೆರೆಗಳ ಎರಡು ವೃತ್ತ ಇವೆ, ಒಂದು 60 ಹರ್ಟ್ಜ್‌ಗೆ, ಇನ್ನೊಂದು 50ಕ್ಕೆ. ಇಲ್ಲಿ 50ರದ್ದನ್ನು ನೋಡಬೇಕು. ಹಳೇ ಚೋಕ್ ಇರುವ ಟ್ಯೂಬ್‌ಲೈಟ್ ಕೆಳಗೆ ಗೆರೆಗಳು ನಿಂತ ಹಾಗೆ ಕಂಡರೆ ವೇಗ ಸರಿಯಿದೆ. ಎಲ್‌ಇಡಿ ಬಲ್ಬ್ ಕೆಳಗೆ ಈ ಪರೀಕ್ಷೆಯನ್ನು ನಂಬಬೇಡಿ.